ವಿಳಾಸ ಬರೆದರೂ ಮುಟ್ಟದ ದವಾಖಾನೆ

ನಮ್ಮ ಸೋದರಮಾವ ಜಗಳವಾಡದೆ ಬಿಟ್ಟ ಮನುಷ್ಯ ವಾಡಿ ಊರಲ್ಲಿ ಮೊದಲೇ ಉಳಿದಿರಲಿಲ್ಲ. ಈಗ ಮೊಬೈಲೂ ಉಳಿದಿಲ್ಲ! ಅಂಚೆ ಕಾಗದ ಹಂಚಿ ನಿವೃತ್ತರಾದವರು. ವಿಳಾಸವೆಂದರೆ ಅವರಿಗೆ ದೇವರ ಸಮಾನ. ಮೊಬೈಲಿನ ಬ್ರೌಸರಿನಲ್ಲಿ ನೆತ್ತಿಯ ಮೇಲಿರುವ ಒಂದೇ ಖಾನೆಯಲ್ಲಿ ವೆಬ್‌ಸೈಟಿನ ವಿಳಾಸವನ್ನೂ ಬರೆಯಬೇಕು, ಬೇಕಾದ್ದನ್ನೂ ಹುಡುಕಬೇಕು ಎಂದರೆ ಅಂಥವರು ಸುಮ್ಮನಿರುತ್ತಾರೆಯೇ?

“ಇದೇನಪಾ ಅಳಿಯಾ, ಟಪಾಲ ಡಬ್ಬಿ, ವಿಚಾರಣಿ ಕಿಟಕಿ ಎರಡೂ ಒಂದರಾಗೇ ಮಾಡ್ಯಾರ!”

ಒಮ್ಮೆ ನಾಲವಾರದ ಮಠಕ್ಕೆ ಹೊರಟವರು ರೈಲಿನ ವೇಳೆ ನೋಡಲು ಕುಳಿತರು. ‘ವಾಡಿ’ ಎಂದು ಬರೆಯುವಾಗ ದೀರ್ಘ ತಪ್ಪಿತು. ಖಾನೆ ಪೂರ್ತಿ ಕೇಳಿಸಿಕೊಳ್ಳದೆ ‘ವಡಿ ಮಾಡುವ ವಿಧಾನ’ ಎಂದು ತಾನೇ ಮುಂದುವರಿಸಿತು.

“ನನ್ನ ಮಾತು ಮುಗೀಲಿಕ್ಕರೆ ಬಿಡ್ರಿ ಸಾಹೇಬ್ರ!” ಎಂದು ಮಾವ ಗದರಿದರು. ಖಾನೆ ಸರಕಾರದ್ದೇ ಇರಬಹುದೆಂಬ ಅನುಮಾನದಿಂದ ಬಹುವಚನ! ಜಗಳ ಮುಗಿಯುವಷ್ಟರಲ್ಲಿ ರೈಲು ಹೋಗಿತ್ತು. ಅತ್ತೆ ನಗುತ್ತ ಅಂದು ವಡಿಯನ್ನೇ ಕರಿದರು. ಮಾವ ಹೊಟ್ಟೆ ತುಂಬ ತಿಂದು, ಕೊನೆಯದೊಂದನ್ನು ಮಾತ್ರ ಪ್ರತಿಭಟನೆಗೆಂದು ಬಿಟ್ಟರು.

ಆಮೇಲೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬೀಳತೊಡಗಿತು. ಮಾವ ಅದನ್ನು ಮಾತಿಲ್ಲದೆ ಕುಡಿದಾಗಲೇ ನನಗೆ ಗಾಬರಿಯಾದದ್ದು! ಕಲಬುರಗಿಯ ದವಾಖಾನೆಯೊಂದರಲ್ಲಿ ಮೊಬೈಲಿನಿಂದಲೇ ಪಾಳಿ ಹಚ್ಚಬಹುದೆಂದು ಯಾರೋ ಹೇಳಿದರು. ಮಾವ ದವಾಖಾನೆಯ ವೆಬ್‌ಸೈಟಿನ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಒತ್ತಿದರು. ತೆರೆದದ್ದು ಬರೀ ಕನ್ನಡಕದ ಅಂಗಡಿಗಳು!

“ಇವನಿಗಿ ಕೊಟ್ಟಿದ್ದು ದವಾಖಾನಿ ವಿಳಾಸ. ಹಾದ್ಯಾಗಿನ ಅಂಗಡಿ ಯಾಕ ತೋರಸ್ಲಿಕತ್ತಾನ?”

“ಮಾಮಾ, ನಡುವ ಒಂದು ಖಾಲಿ ಜಾಗಾ ಬಿಟ್ಟೀರಿ. ಅದಕ್ಕ ವಿಳಾಸ ಅಲ್ಲ, ಏನೋ ಹುಡುಕಲಿಕತ್ತಾರ ಅಂತ ತಿಳ್ಕೊಂಡದ.”

“ಖಾಲಿ ಜಾಗಾ ಅದ ಅಂತ ನಾ ಯಾವತ್ತರೆ ಕಾಗದ ವಾಪಸ್ ಕಳಿಸೀನೇನು?”

“ತರ್ರಿ ಇಲ್ಲಿ, ನಾ ಬರೀತೀನಿ” ಎಂದು ನಾನು ಕೈಚಾಚುವಷ್ಟರಲ್ಲಿ ಮಾವ ಚಪ್ಪಲಿ ಮೆಟ್ಟಿ ಆಗಿತ್ತು. ರೈಲು ಹತ್ತಿ, ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತ ದವಾಖಾನೆ ಮುಟ್ಟಿ, ಸರದಿಯಲ್ಲಿ ನಿಂತು, ಸಂಜೆಗೆ ಚೀಟಿ ತಂದೇಬಿಟ್ಟರು. “ನೋಡು, ನಾ ಮುಟ್ಟಿದೆ!” ಎಂದು ಮೊಬೈಲಿಗೂ ತೋರಿಸಿದರು.

ಆಪರೇಷನ್ ಆದ ಮರುದಿನ ಡಾಕ್ಟರು ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚಿದರು. “ಏನ್ ಕಾಣಸ್ತದಮ್ಮ?” ಎಂದರು.

ಎದುರಿಗೆ ನಿಂತಿದ್ದ ಮಾವನನ್ನೇ ಅತ್ತೆ ಬಹಳ ಹೊತ್ತು ನೋಡಿದರು.

“ಅಯ್ಯ, ಇದೇನ್ರಿ, ಇಷ್ಟ್ ಸೊರಗೀರಿ! ನಂಗ ಗೊತ್ತೇ ಆಗಲಿಲ್ಲಲ್ರೀ...”

 ಮಾವ ಬಗ್ಗಿ, ಮಂಚದ ಕೆಳಗಿದ್ದ ಅತ್ತೆಯ ಚಪ್ಪಲಿಗಳನ್ನು ಕಾಲ ಬಳಿ ಜೋಡಿಸತೊಡಗಿದರು. ಇದ್ದದ್ದು ಎರಡೇ ಚಪ್ಪಲಿ, ಆದರೂ ತಲೆ ಎತ್ತಲು ಅವರಿಗೆ ತುಂಬ ಹೊತ್ತು ಹಿಡಿಯಿತು.