ಏಳನೇ ಸಂಪುಟದ ತಾಂಬೂಲ

ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಕೆಳಗಿಳಿಯುವಷ್ಟರಲ್ಲಿ ಏಳು ಸಂಪುಟಗಳ ಕಾದಂಬರಿಯನ್ನು ಎರಡು ಸಲ ಓದಿ ಮುಗಿಸಿದವನು ಇಡೀ ಬೆಂಗಳೂರಿನಲ್ಲಿ ನಾನೊಬ್ಬನೇ. ಎರಡನೇ ಸಲ ಪುಸ್ತಕವನ್ನು ತಲೆಕೆಳಗು ಹಿಡಿದು ಓದಿದೆ. ಗಟ್ಟಿಯಾಗಿ ಓದಿದ್ದರಿಂದ ಹಿಂದಿನ ಬಸ್ಸಿನ ಡ್ರೈವರ್ ಅತ್ತು ಅತ್ತು ಹಾರ್ನ್ ಹೊಡೆಯುವುದನ್ನೇ ಮರೆತ.

ಇದಿಷ್ಟನ್ನೂ ನಾನು ಜಕ್ಕೂರಿನ ಚಿಕ್ಕಮಾರಯ್ಯನವರಿಗೆ ಫೋನಿನಲ್ಲಿ ಹೇಳಿದೆ. ತೊಂದರೆ ಶುರುವಾದದ್ದು ಅಲ್ಲಿಂದ.

ನನ್ನ ಅಕ್ಕನ ಮಗ ಗಿರಿಗೆ ಅವರ ಮಗಳು ಸಂಯುಕ್ತಾಳನ್ನು ಕೇಳುತ್ತಿದ್ದೆವು. ಗಿರಿ ಆರ್.ಟಿ. ನಗರದಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡ ಬಡಪಾಯಿ. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಅವನು ತಿಂದ ಕೇಸರಿಬಾತನ್ನೆಲ್ಲ ಒಂದೆಡೆ ಸುರಿದಿದ್ದರೆ ನಂದಿಬೆಟ್ಟಕ್ಕೆ ಜೋಡಿಯಾಗಿ ಇನ್ನೊಂದು ಬೆಟ್ಟ ಏಳುತ್ತಿತ್ತು. ಇದೂ ಕೂಡಿ ಬರದಿದ್ದರೆ ಮದುವೆಯ ಮಾತೇ ಬೇಡ ಎಂದು ಅವನು ಅಕ್ಕನ ಮುಂದೆ ಆಣೆ ಇಟ್ಟಿದ್ದ.

"ನಮ್ಮ ಹುಡುಗಿ ಅದೇನೋ 'ಕಪ್ಪು ಹಿಮದ ನಾಡು' ಅಂತ ಇಂಗ್ಲಿಷ್ ಪುಸ್ತಕ ಓದ್ತಾಳೆ. ರಾಜ, ರಾಣಿ, ಬೆಂಕಿ ಉಗುಳೋ ಹಾವು. ಹುಡ್ಗನೂ ಓದಿರ್ಬೇಕಂತೆ ಕಣ್ರೀ," ಎಂದರು ಚಿಕ್ಕಮಾರಯ್ಯ.

"ಓದಿರೋದಾ? ಅದನ್ನ ನಾನೇ ಎರಡು ಸಲ ಓದಿದ್ದೀನಿ. ನಮ್ಮ ಗಿರಿ ಏಳು ಸಂಪುಟಾನೂ ಬಾಯಿಪಾಠ ಒಪ್ಪಿಸ್ತಾನೆ ಸ್ವಾಮಿ!"

ವಿಷಯ ತಿಳಿದಾಗ ಗಿರಿಯ ಮುಖ ಚಾರ್ಜ್ ಇಳಿದ ಬ್ಯಾಟರಿಯ ಹಾಗಾಯಿತು. "ಮಾವ, ನಾನು ಟಿವಿಲಿ ನೋಡಿರೋದು! ಅದೂ ಅಂಗಡಿಲಿ, ಗಿರಾಕಿ ಬಂದಾಗೆಲ್ಲ ಸೌಂಡ್ ಆಫ್ ಮಾಡ್ಕೊಂಡು!"

"ಅದೇ ಕಥೆ ಕಣೋ. ಪುಸ್ತಕದಲ್ಲಿ ಸೌಂಡ್ ಎಲ್ಲಿರುತ್ತೆ?"

ಭಾನುವಾರ ಜಕ್ಕೂರಿಗೆ ಹೋದೆವು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತ ಹಳೇ ಊರಿನ ಮನೆ. ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ಮನೆಯಲ್ಲಿ ಎರಡು ಪಕ್ಷಗಳಿವೆ. ಮಗಳು ಸಂಯುಕ್ತಾ ಪುಸ್ತಕದ ಪಕ್ಷ. ಚಿಕ್ಕಮಾರಯ್ಯನವರ ತಾಯಿ ಸೊಣ್ಣಮ್ಮ ಟಿವಿಯ ಪಕ್ಷ. ಕನ್ನಡಕ್ಕೆ ಡಬ್ ಆದ ಒಂದೊಂದು ಎಪಿಸೋಡನ್ನೂ ಕಣ್ಣು ಮಿಟುಕಿಸದೆ ನೋಡಿದವರು. ಇಬ್ಬರ ನಡುವೆ ಚಿಕ್ಕಮಾರಯ್ಯ ಕಾಂಪೌಂಡ್ ಗೋಡೆಯಂತೆ ಸುಮ್ಮನೆ ಕೂತಿದ್ದರು.

ಕೇಸರಿಬಾತು ಬಂತು. ಹಿಂದೆಯೇ ಪ್ರಶ್ನೆ ಬಂತು.

"ರಾಣಿ ಮಿರಾಂತಾ ಟಿವಿಲಿ ಗೋಪುರದಿಂದ ಬಿದ್ದು ಸಾಯ್ತಾಳೆ. ಪುಸ್ತಕದಲ್ಲಿ ಏನಾಗ್ತಾಳೆ ಹೇಳಿ?" ಎಂದಳು ಸಂಯುಕ್ತಾ.

ಗಿರಿ ನನ್ನನ್ನು ನೋಡಿದ. ನಾನು ಫ್ಯಾನ್ ನೋಡಿದೆ.

"ಪುಸ್ತಕದಲ್ಲಿ... ನಿಧಾನವಾಗಿ ಬೀಳ್ತಾಳೆ," ಎಂದ ಗಿರಿ.

"ಎಷ್ಟು ನಿಧಾನ?"

"ಒಂದು ಅಧ್ಯಾಯ ಪೂರ್ತಿ."

ಸೊಣ್ಣಮ್ಮ ತಲೆ ಚಚ್ಚಿಕೊಂಡರು. "ನೋಡ್ದಾ? ಟಿವಿಯಾಗೆ ದಬಕ್ ಅಂತ ಬಿದ್ಲು, ಎಷ್ಟ್ ಚೆಂದಾಗಿತ್ತು! ಈ ಪುಸ್ತಕದೋರಿಗೆ ಒಂದು ಎಂಗಸನ್ನ ಬೀಳ್ಸಕ್ಕೂ ಅಷ್ಟೊಂದು ಆಳೆ ಬೇಕಾ?"

"ಹೌದಜ್ಜಿ, ಟಿವಿನೇ ವಾಸಿ," ಎಂದ ಗಿರಿ ಗಾಬರಿಯಲ್ಲಿ.

"ಹಾಗಾದ್ರೆ ಪುಸ್ತಕ ಚೆನ್ನಾಗಿಲ್ವಾ?" ಸಂಯುಕ್ತಾಳ ಹುಬ್ಬು ಮೇಲೆ ಹೋಯಿತು.

"ಅಯ್ಯೋ, ಪುಸ್ತಕಾನೂ ವಾಸಿ."

"ಎರಡ್ರಲ್ಲಿ ಯಾವ್ದು?"

ಗಿರಿ ಒಂದು ದೊಡ್ಡ ಚಮಚ ಕೇಸರಿಬಾತನ್ನು ಬಾಯಿಗೆ ತುಂಬಿಕೊಂಡ. ಅದನ್ನು ನುಂಗಲಿಲ್ಲ. ನುಂಗಿದರೆ ಉತ್ತರ ಹೇಳಬೇಕಾಗುತ್ತಿತ್ತು. ಅಜ್ಜಿ ಒಂದು ಕಡೆಯಿಂದ, ಮೊಮ್ಮಗಳು ಇನ್ನೊಂದು ಕಡೆಯಿಂದ ಅವನನ್ನೇ ನೋಡುತ್ತಿದ್ದರು. ಸಂಬಂಧ ಕಣ್ಣೆದುರೇ ಜಾರುತ್ತಿತ್ತು. ಇಂಥ ಹೊತ್ತಿನಲ್ಲಿ ದೇಶದ ಪ್ರಧಾನಿಗಳೇ ನನ್ನ ಸಲಹೆ ಕೇಳುವುದುಂಟು. ನಾನು ಎದ್ದು ನಿಂತೆ.

"ಜಗಳ ಯಾಕೆ? ಗಿರಿ ಪ್ರತಿ ಭಾನುವಾರ ಬಂದು ಅಜ್ಜಿಗೆ ಪುಸ್ತಕ ಓದಿ ಕನ್ನಡದಲ್ಲಿ ಅರ್ಥ ಹೇಳ್ಲಿ. ಟಿವಿಯವ್ರು ಏನ್ ಬಿಟ್ರು, ಏನ್ ಸೇರ್ಸಿದ್ರು, ಎಲ್ಲಾ ಅಜ್ಜಿಗೂ ಗೊತ್ತಾಗುತ್ತೆ. ಏಳನೇ ಸಂಪುಟದ ಕೊನೇ ಸಾಲು ಓದಿ ಮುಗ್ಸಿದ ವಾರಾನೇ ಮದುವೆ! ಬಾಯಿಪಾಠ ಇರೋ ಹುಡ್ಗ, ಎರಡು ತಿಂಗಳು ಧಾರಾಳ ಆಯ್ತು."

ಸೊಣ್ಣಮ್ಮನಿಗೆ ಇದು ಬಹಳ ಹಿಡಿಸಿತು. "ಅಂಗಾದ್ರೆ ಸರಿ. ಅಂಗೇ ಮಾಡಿ."

ಸಂಯುಕ್ತಾ ಮಾತ್ರ ನನ್ನನ್ನೇ ದಿಟ್ಟಿಸಿ ಕೇಳಿದಳು. "ಏಳನೇ ಸಂಪುಟದ ಕೊನೇ ಸಾಲು. ಅದಕ್ಕಿಂತ ಮುಂಚೆ ಮದುವೆ ಇಲ್ಲ. ಮಾತಿಗೆ ತಪ್ಪಲ್ಲ ತಾನೆ?"

"ನಮ್ಮ ವಂಶದಲ್ಲೇ ಮಾತಿಗೆ ತಪ್ಪಿದವರಿಲ್ಲ ಕಣಮ್ಮ!"

ಗಿರಿ ಹಿಂದಿನಿಂದ ನನ್ನ ಅಂಗಿ ಜಗ್ಗುತ್ತಿದ್ದ. ಖುಷಿಗೆ ಜಗ್ಗುತ್ತಿದ್ದಾನೆ ಎಂದುಕೊಂಡೆ. ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆಗಳು ಬಂದವು. ಚಿಕ್ಕಮಾರಯ್ಯನವರೂ ನಾನೂ ತಾಂಬೂಲ ಬದಲಾಯಿಸಿಕೊಂಡೆವು. ಅವರ ಮನೆತನದಲ್ಲಿ ಆ ತಟ್ಟೆ ಕೈ ಬದಲಾಯಿಸಿದ ಮೇಲೆ ಸುಪ್ರೀಂ ಕೋರ್ಟ್ ಬಂದರೂ ಒಪ್ಪಂದ ಬದಲಾಗುವುದಿಲ್ಲವಂತೆ.

ಆಮೇಲೆ ಸಂಯುಕ್ತಾ ನಿಧಾನವಾಗಿ ಒಳಗೆ ಹೋಗಿ ಪುಸ್ತಕಗಳನ್ನು ತಂದಳು. ಒಂದೊಂದೂ ಹಾಲೋಬ್ಲಾಕ್ ಇಟ್ಟಿಗೆಯಷ್ಟು ದಪ್ಪ. ಟೀಪಾಯಿ ಮೇಲೆ ಪೇರಿಸಿದಳು. ಐದು.

"ಉಳಿದ ಎರಡು ತಾರಮ್ಮ," ಎಂದರು ಚಿಕ್ಕಮಾರಯ್ಯ.

"ಇಲ್ಲಪ್ಪ, ಅವನ್ನ ಇನ್ನೂ ಬರೆದಿಲ್ಲ. ಬರೆಯೋರು ಆರನೇದನ್ನೇ ಹತ್ತು ವರ್ಷದಿಂದ ಬರೀತಾ ಇದ್ದಾರೆ. ಕಾದು ಕಾದು ಸಾಕಾಗಿ ಟಿವಿಯವ್ರು ಉಳಿದ ಕಥೆ ತಾವೇ ಕಟ್ಕೊಂಡ್ರು. ಪುಸ್ತಕದಲ್ಲಿ ರಾಣಿ ಬೀಳೋದಿರ್ಲಿ, ಇನ್ನೂ ಗೋಪುರ ಹತ್ತೇ ಇಲ್ಲ." ಆಮೇಲೆ ಗಿರಿಯ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದಳು. "ನನಗೇನೂ ಅವಸರ ಇಲ್ಲ. ಈಗ್ಲೇ ಮದುವೆ ಬೇಡ ಅಂತ ಮನೇಲಿ ಹೇಳಿ ಹೇಳಿ ಸಾಕಾಗಿತ್ತು. ನಿಮ್ಮ ಮಾವ ಪುಣ್ಯ ಕಟ್ಕೊಂಡ್ರು."

ಗಿರಿ ಈಗ ಕೇಸರಿಬಾತು ನುಂಗಿದ.

"ಕೊಟ್ಟ ತಾಂಬೂಲ ಕೊಟ್ಟಂಗೇಯ," ಎಂದರು ಸೊಣ್ಣಮ್ಮ, ಮೊದಲನೇ ಸಂಪುಟವನ್ನು ಗಿರಿಯ ತೊಡೆಯ ಮೇಲಿಟ್ಟು. "ಬರೆಯೋನು ಬರೀಲಿ, ನೀನು ಓದು. ಬೇರೆ ಕಡೆ ಎಣ್ಣು ನೋಡಕ್ಕೆ ಓಗೀಯಾ, ಉಸಾರು! ಊಂ, ಶುರು ಮಾಡು."

ಚಿಕ್ಕಮಾರಯ್ಯ ಈಗ ನನ್ನ ಕಡೆ ತಿರುಗಿದರು. "ಯಜಮಾನ್ರೇ, ನೀವು ಏಳೂ ಓದಿದ್ದೀನಿ ಅಂದ್ರಲ್ಲ?"

ತಪ್ಪಿಸಿಕೊಳ್ಳಲು ಬಾಗಿಲು ನೋಡಿದೆ. ಅಲ್ಲಿ ಸಂಯುಕ್ತಾ ನಿಂತಿದ್ದಳು.

"ಟಿವಿಲಿ ಏಳು ಸೀಸನ್ ಬಂತಲ್ಲ ಸ್ವಾಮಿ," ಎಂದೆ. "ಪುಸ್ತಕಾನೂ ಏಳೇ ಇರ್ಬೇಕು ಅಂದ್ಕೊಂಡೆ. ಓದಿಲ್ಲ. ಒಂದು ಹಾಳೆ ಕೂಡ."

ಗಿರಿ ಪುಸ್ತಕದಿಂದ ತಲೆ ಎತ್ತಿದ. "ಮಾವ, ಟಿವಿಲಾದ್ರೂ ನೋಡಿದ್ದೀಯಾ?"

"ಅದೂ ಇಲ್ಲ ಕಣೋ. ಒಂದಿನ ನಿನ್ನ ಅಂಗಡಿ ಮುಂದೆ ಹಾದು ಹೋಗ್ತಿದ್ದೆ. ಒಂದು ಹಾವು ಕಂಡ ಹಾಗಾಯ್ತು."