ಡಿಕ್ಷನರಿಯ ಮೊದಲ ಪಾಠ

ಎಲ್ಲ ತಾಪತ್ರಯಕ್ಕೂ ಒಂದು ನೀಲಿ ಸೂಟ್‌ಕೇಸ್ ಕಾರಣ. ಭಾನುವಾರ ಬೆಳಿಗ್ಗೆ ಗುಮಾಸ್ತರು ಹಾಲಿಗೆಂದು ಮೆಟ್ಟಿಲಿಳಿಯುತ್ತಿದ್ದರು. ಎದುರುಮನೆಯ ವಿಮೆ ಏಜೆಂಟ್ ಆ ಹೊಚ್ಚಹೊಸ ಸೂಟ್‌ಕೇಸನ್ನು ಕೂಸಿನ ಹಾಗೆ ಎದೆಗವಚಿಕೊಂಡು ಮೇಲೆ ಬರುತ್ತಿದ್ದ. ಎಲ್ಲಿಗೆ ಪ್ರಯಾಣ ಎಂದು ಗುಮಾಸ್ತರು ಕೇಳಬಾರದಿತ್ತು. ಕೇಳಿಬಿಟ್ಟರು.

"ವಿದೇಶಕ್ಕೆ ಸಾರ್. ಅಲ್ಲಿನ ಶಾಲೇಲಿ ಒಂದು ವರ್ಷ ಇಂಗ್ಲಿಷ್ ಹೇಳಿಕೊಡೋದು. ಸಂಬಳ ಇಲ್ಲ, ಸೇವೆ. ಊಟ, ವಸತಿ, ವಿಮಾನದ ಖರ್ಚು ಸಂಸ್ಥೆಯವರದ್ದು. ಇವತ್ತು ಅವರ ಮೇಡಂ ಬಂದು ನನ್ನ ಪಾಠ ನೋಡ್ತಾರೆ. ಪಾಸಾದ್ರೆ ಹೊರಟೆ ಅಂತಲೇ ಲೆಕ್ಕ."

ಗುಮಾಸ್ತರ ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಯಿತು. ಅದೇ ಸಂಸ್ಥೆಗೆ, ಅದೇ ಕೆಲಸಕ್ಕೆ ಅವರೂ ಅರ್ಜಿ ಹಾಕಿದ್ದರು. ಆರಿಸದೆ ಹೋದರೆ ಮರ್ಯಾದೆ ಪ್ರಶ್ನೆ ಎಂದು ಹೆಂಡತಿಗೂ ಹೇಳಿರಲಿಲ್ಲ. ಸದ್ಯಕ್ಕೆ ಜಾಗವಿಲ್ಲ, ಕಾಯುವವರ ಸಾಲಿನಲ್ಲಿ ನೀವೇ ಮೊದಲು ಎಂದು ಉತ್ತರ ಬಂದಿತ್ತು. ತಮ್ಮ ಜಾಗದಲ್ಲಿ ಕುಂಡಿ ಊರಿ ಕೂತವನು ಯಾರೆಂದು ಈಗ ಗೊತ್ತಾಯಿತು.

ಈ ಏಜೆಂಟನ ಇಂಗ್ಲಿಷೋ, ಬ್ರೇಕಿಲ್ಲದ ಸೈಕಲ್ಲು. ಎಲ್ಲಿ ಗುದ್ದಿದರೂ ನಿಲ್ಲದೆ ಓಡುತ್ತಿತ್ತು. ಗುಮಾಸ್ತರದ್ದು ಹಾಗಲ್ಲ. ಕಚೇರಿಯಿಂದ ಹೊರಡುವ ಒಂದೊಂದು ಪತ್ರವೂ ಅವರ ಕೈಯಲ್ಲೇ ಹುಟ್ಟಬೇಕು. ಇಡೀ ವಠಾರ ಅವರನ್ನು ಡಿಕ್ಷನರಿ ಎಂದೇ ಕರೆಯುತ್ತಿತ್ತು. ಇಂಥವರನ್ನು ಬಿಟ್ಟು ಅವನನ್ನು ಆರಿಸಿದವರ ಕಣ್ಣಿಗೆ ಏನಾಗಿತ್ತು ಎಂದು ಅವರಿಗೆ ಅರ್ಥವಾಗಲಿಲ್ಲ.

"ಒಂದೇ ತೊಂದರೆ ಸಾರ್," ಎಂದ ಏಜೆಂಟ್. "ಇಂಗ್ಲಿಷ್ ಒಂದಕ್ಷರ ಬರದ ದೊಡ್ಡವರು ನಾಲ್ಕು ಜನ ಬೇಕು. ಕೆಳಮನೆ ಅಜ್ಜಿ ಇದ್ದಾರೆ, ವಾಚ್‌ಮನ್ ಇದ್ದಾನೆ, ನಿಮ್ಮ ಮನೆಯವರೂ ಬರ್ತೀನಿ ಅಂದಿದ್ದಾರೆ. ಇಸ್ತ್ರಿಯವನು ಮಾತ್ರ ಕೊನೇ ಗಳಿಗೇಲಿ ಕೈಕೊಟ್ಟ."

ಹೆಂಡತಿಯೂ ಒಪ್ಪಿದ್ದಾಳೆ, ತಮಗೊಂದು ಮಾತು ಹೇಳಿಲ್ಲ. ಕೆಂಡದ ಮೇಲೆ ಎಣ್ಣೆ ಬಿತ್ತು. ಆ ಉರಿಯಲ್ಲೇ ಗುಮಾಸ್ತರಿಗೆ ಒಂದು ಉಪಾಯ ಹೊಳೆಯಿತು.

"ಅವನ ಬದಲು ನಾನು ಬರ್ತೀನಿ ಬಿಡಪ್ಪ."

"ನೀವಾ ಸಾರ್?"

"ಏನೂ ಬರದವನ ಹಾಗೆ ಕೂತಿರ್ತೀನಿ. ನೆರೆಹೊರೆ ಅಂದಮೇಲೆ ಇಷ್ಟೂ ಮಾಡದಿದ್ರೆ ಹೇಗೆ?"

ಏಜೆಂಟನ ಕಣ್ಣು ತುಂಬಿ ಬಂತು. ಏನು ಮಾಡಿದರೂ ಕಲಿಯದ ಶಿಷ್ಯ ಒಬ್ಬನಿದ್ದರೆ ಗುರು ಫೇಲು, ಗುರು ಫೇಲಾದರೆ ಸಾಲಿನ ಮೊದಲಿಗರು ವಿಮಾನದೊಳಗೆ. ಗುಮಾಸ್ತರು ಹಾಲು ಮರೆತು ಸಿಳ್ಳೆ ಹಾಕುತ್ತಾ ಮನೆಗೆ ಹೋದರು.

ಏಜೆಂಟನ ಮನೆಯ ನಡುಕೋಣೆಯೇ ತರಗತಿ. ದಪ್ಪ ಕನ್ನಡಕದ ಮೇಡಂ ಮೂಲೆಯ ಕುರ್ಚಿಯಲ್ಲಿ ಕೂತು ನಿಯಮ ಹೇಳಿದರು.

"ಮೇಷ್ಟ್ರು ನಮ್ಮ ಭಾಷೇಲಿ ಒಂದು ಮಾತೂ ಆಡೋ ಹಾಗಿಲ್ಲ. ಅಲ್ಲಿನ ಮಕ್ಕಳಿಗೆ ನಮ್ಮ ಭಾಷೆ ಗೊತ್ತಿರಲ್ಲವಲ್ಲ. ವಸ್ತು ತೋರಿಸಿ, ಕೈಸನ್ನೆ ಮಾಡಿ, ಇಂಗ್ಲಿಷಲ್ಲೇ ಕಲಿಸಬೇಕು. ಇನ್ನೊಂದು ಮಾತು. ಇಂಗ್ಲಿಷ್ ಬರೋರನ್ನ ಬರದವರು ಅಂತ ಕೂರಿಸಿ ನಾಟಕ ಆಡಿದ್ರೆ, ಆಡಿಸಿದವರು, ಆಡಿದವರು ಯಾರನ್ನೂ ನಾವು ಮತ್ತೆ ಹತ್ತಿರ ಸೇರಿಸಲ್ಲ."

ಅಷ್ಟು ಹೊತ್ತಿಗೆ ಕೆಳಮನೆ ಅಜ್ಜಿ ಬಾಗಿಲಲ್ಲೇ ನಿಂತು, "ಇದೇನು ಡಿಕ್ಷನರಿ, ನೀನೂ ಕಲಿಯಕ್ಕೆ ಬಂದ್ಯೇನಪ್ಪ?" ಎಂದು ಕೇಳಿಬಿಟ್ಟಿತು.

ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಡಿಕ್ಷನರಿ?"

"ನಮ್ಮ ಯಜಮಾನರಿಗೆ ಏನೂ ಬರಲ್ಲ ಅಂತ ಎಲ್ಲರೂ ಹಾಗೆ ಹಂಗಿಸ್ತಾರೆ ಮೇಡಂ," ಎಂದಳು ಗುಮಾಸ್ತರ ಹೆಂಡತಿ. ಅಷ್ಟು ಸಲೀಸಾಗಿ ಅವಳ ಬಾಯಲ್ಲಿ ಆ ಮಾತು ಹೇಗೆ ಬಂತು ಎಂದು ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿದರು.

ಪಾಠ ಶುರುವಾಯಿತು. ಏಜೆಂಟ್ ಎದ್ದು "ಸ್ಟ್ಯಾಂಡ್" ಎಂದ, ಕೂತು "ಸಿಟ್" ಎಂದ. ಎಲ್ಲರೂ ಎದ್ದರು, ಕೂತರು. ಗುಮಾಸ್ತರು ಎಲ್ಲರೂ ಎದ್ದಾಗ ಕೂತರು, ಎಲ್ಲರೂ ಕೂತಾಗ ಎದ್ದರು. ಅವನು ಕೊಡೆ ಬಿಚ್ಚಿ ತೋರಿಸಿ, ಮಡಚಿ ಮೂಲೆಗಿಟ್ಟು, ಅದನ್ನು ತರುವಂತೆ ಇಂಗ್ಲಿಷಿನಲ್ಲಿ ಕೇಳಿಕೊಂಡ. ಗುಮಾಸ್ತರು ಕೊಡೆಯನ್ನು ದಾಟಿ ಹೋಗಿ ನೀಲಿ ಸೂಟ್‌ಕೇಸನ್ನು ಎತ್ತಿ ತಂದರು. ಅವನು ಕುರ್ಚಿ ತೋರಿಸಿ ಕೂರಲು ಹೇಳಿದ. ಅವರು ಸೂಟ್‌ಕೇಸಿನ ಮೇಲೆ ಕೂತರು. ಅದಕ್ಕೆ ಚಕ್ರವಿದೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ. ಸೂಟ್‌ಕೇಸ್ ಅವರನ್ನು ಹೊತ್ತು ನಡುಕೋಣೆ ದಾಟಿ, ಅಡುಗೆಮನೆಯ ಪಾತ್ರೆಗಳ ಸ್ಟ್ಯಾಂಡಿಗೆ ಹೋಗಿ ಗುದ್ದಿತು. ಡಬರಿಯೊಂದು ತಲೆ ಮೇಲೆ ಬಿತ್ತು.

"ಅಯ್ಯೋ ಪಾಪ," ಎಂದಿತು ಅಜ್ಜಿ.

ತಲೆಯಲ್ಲಿ ಬುಗುಟು ಎದ್ದರೂ ಗುಮಾಸ್ತರಿಗೆ ಸಂತೋಷವಾಗಿತ್ತು. ಏಜೆಂಟ್ ಬೆವರು ಒರೆಸಿಕೊಳ್ಳುತ್ತಿದ್ದ. ಅವರ ಸಂತೋಷ ಕೆಡಿಸಿದವಳು ಹೆಂಡತಿ. ಏಜೆಂಟ್ ಹೇಳಿದ್ದನ್ನೆಲ್ಲ ಅವಳು ಥಟ್ಟನೆ ಹಿಡಿಯುತ್ತಿದ್ದಳು. ಬಾಗಿಲು ತೆರೆದಳು, ಕಿಟಕಿ ಮುಚ್ಚಿದಳು, ಕೊನೆಗೆ ತಾನೇ ಕೈಸನ್ನೆ ಮಾಡಿ ಏಜೆಂಟನಿಗೆ "ಸಿಟ್" ಎಂದಳು. ಅವನು ಕೂತ. ಎಲ್ಲರೂ ನಕ್ಕರು. ಅವಳ ಮುಖದಲ್ಲಿ ಅಂಥ ಕಳೆಯನ್ನು ಗುಮಾಸ್ತರು ಮದುವೆಯಾದಾಗಿನಿಂದ ನೋಡಿರಲಿಲ್ಲ. ಹಿಂದೊಮ್ಮೆ ಅವಳು ನನಗೂ ಸ್ವಲ್ಪ ಇಂಗ್ಲಿಷ್ ಹೇಳಿಕೊಡಿ ಎಂದಿದ್ದಳು. ನಿನಗ್ಯಾಕೆ ಅದೆಲ್ಲ ಎಂದು ಇವರು ಪೇಪರ್ ಮಗುಚಿದ್ದರು. ಈಗ ವಿಮಾನದ ಹೊಟ್ಟೆಕಿಚ್ಚಿನ ಜೊತೆಗೆ ಇದೂ ಒಂದು ಸೇರಿಕೊಂಡಿತು.

ಪಾಠ ಮುಗಿದಾಗ ಏಜೆಂಟ್ ತಲೆ ತಗ್ಗಿಸಿ ನಿಂತಿದ್ದ. ಮೇಡಂ ಎದ್ದು ಬಂದು, ಶಿಷ್ಯರಿಗೆ ಹೇಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ, ಇಂಗ್ಲಿಷಿನಲ್ಲೇ ಅವನಿಗೆ ಸಮಾಧಾನ ಹೇಳಿದರು. ನೀವು ಬೇಜಾರು ಮಾಡಿಕೊಳ್ಳಬೇಡಿ, ತಪ್ಪು ನಿಮ್ಮದಲ್ಲ. ಆ ಮನುಷ್ಯನ ತಲೆಯಲ್ಲಿ ಮಣ್ಣು ತುಂಬಿದೆ. ಅಂಥವನ ಮೇಲೂ ನೀವು ಒಮ್ಮೆಯೂ ರೇಗಲಿಲ್ಲ. ಪಾಪ, ಅಷ್ಟು ಚುರುಕಾದ ಹೆಂಗಸು ಇಂಥವನ ಜೊತೆ ಹೇಗೆ ಬಾಳುತ್ತಿದ್ದಾಳೋ. ಈ ತಾಳ್ಮೆಗೇ ನಾನು ನಿಮ್ಮನ್ನು ಪಾಸು ಮಾಡುತ್ತಿದ್ದೇನೆ.

ಗುಮಾಸ್ತರಿಗೆ ಒಂದೊಂದು ಮಾತೂ ತಿಳಿಯಿತು. ಇನ್ನು ತಡೆಯಲು ಅವರ ಕೈಲಾಗಲಿಲ್ಲ. ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡರು.

"ಮೇಡಂ, ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್..." ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಕಚೇರಿಯ ಪತ್ರಗಳ ಇಂಗ್ಲಿಷೆಲ್ಲ ಕಟ್ಟೆಯೊಡೆದು ಹರಿಯಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ತಲೆಯ ಬಗ್ಗೆ ಆಡಿದ ಮಾತನ್ನು ಕೂಡಲೇ ಹಿಂತೆಗೆದುಕೊಳ್ಳಬೇಕೆಂದೂ, ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದೆಂದೂ ತಿಳಿಸಿ, "ಯುವರ್ಸ್ ಫೇತ್‌ಫುಲಿ" ಎಂದು ಮುಗಿಸಿದರು.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಏಜೆಂಟನ ಎರಡೂ ಕೈ ಹಿಡಿದುಕೊಂಡರು.

"ಬಾಯಿ ಬಿಡದವರು ಒಂದೇ ಸಲ ಬಾಯಿ ಬಿಡ್ತಾರೆ ಅಂತ ತರಬೇತೀಲಿ ನಾವು ಹೇಳ್ತಾನೇ ಇದ್ವಿ. ಕಣ್ಣಾರೆ ನೋಡಿದ್ದು ಇವತ್ತೇ. ಈ ಕಲ್ಲನ್ನೂ ಮಾತಾಡಿಸಿಬಿಟ್ರಲ್ಲ."

ಏಜೆಂಟ್ ಗುಮಾಸ್ತರ ಮುಖ ನೋಡಿದ, ಮೇಡಂ ಮುಖ ನೋಡಿದ. ಪಾಲಿಸಿ ಮಾರಿ ಪಳಗಿದವನು. "ಸ್ವಲ್ಪ ಶ್ರಮ ಆಯ್ತು ಮೇಡಂ," ಎಂದ.

ನನ್ನ ಇಂಗ್ಲಿಷ್ ನನ್ನದೇ ಎಂದು ಕೂಗಲು ಗುಮಾಸ್ತರು ಬಾಯಿ ತೆರೆದರು. ಅಷ್ಟರಲ್ಲಿ ಮೇಡಂ ಚೀಲ ಹೆಗಲಿಗೇರಿಸುತ್ತಾ ಮಾತು ಬದಲಾಯಿಸಿದರು.

"ಇದೇ ಕಟ್ಟಡದಲ್ಲಿ ಇನ್ನೊಂದು ಕೆಲಸ ಇದೆ. ಹೋಗೋರಲ್ಲಿ ಇನ್ನೊಬ್ಬರಿಗೆ ಹುಷಾರಿಲ್ಲ, ಅವರ ಜಾಗ ಖಾಲಿಯಾಯ್ತು. ಕಾಯುವವರಲ್ಲಿ ಮೊದಲನೆಯವರು ಇಲ್ಲೇ ಇರೋದಂತೆ, ಯಾವುದೋ ಕಚೇರಿ ಗುಮಾಸ್ತರು. ಅವರ ಅರ್ಜಿಯ ಇಂಗ್ಲಿಷ್ ನೋಡಿ ಪಾಠದ ಪರೀಕ್ಷೇನೂ ಬೇಡ ಅಂದುಬಿಟ್ಟಿದ್ದೇವೆ. ಒಪ್ಪಿಗೆ ತಗೊಂಡು ಹೋಗಕ್ಕೆ ಬಂದೆ," ಎಂದು ಗುಮಾಸ್ತರ ಪೂರ್ತಿ ಹೆಸರನ್ನು ಹೇಳಿ, "ಯಾವ ಮನೆ ಅವರದ್ದು?" ಎಂದು ಕೇಳಿದರು.

ಎಲ್ಲರ ಕಣ್ಣೂ ಗುಮಾಸ್ತರ ಕಡೆ ತಿರುಗಿತು. ವಾಚ್‌ಮನ್ ಏನೋ ಹೇಳಲು ಹೊರಟ. ಅಜ್ಜಿ ಅವನನ್ನು ತಿವಿಯಿತು. ಏಜೆಂಟ್ ಮುಖ ಬಿಳಿಚಿಕೊಂಡು, ಕಣ್ಣಲ್ಲೇ ಕೈಮುಗಿಯುತ್ತಿದ್ದ. ಗಂಡ ವಿದೇಶಕ್ಕೆ ಹೊರಟ ಸುದ್ದಿಯನ್ನು ಪರರ ಬಾಯಿಂದ ಕೇಳಿದ ಹೆಂಡತಿ ಸೆರಗು ಬಿಗಿದುಕೊಂಡು, ನೀವೇ ಹೇಳಿ ಎಂಬಂತೆ ನಿಂತಿದ್ದಳು.

ಅದು ನಾನೇ ಎಂದರೆ ನಾಟಕ ಆಡಿದವರೂ ತಾವೇ. ಸುಮ್ಮನೆ ಮನೆಯಲ್ಲಿ ಕೂತು ಕಾಫಿ ಕುಡಿದಿದ್ದರೆ ಸಾಕಿತ್ತು, ವಿಮಾನ ಬಾಗಿಲಿಗೇ ಬಂದಿತ್ತು.

ಮೇಡಂ ಅವರ ಹತ್ತಿರ ಬಂದು, ಹೊಸದಾಗಿ ಕಲಿತವರಿಗೆ ತಿಳಿಯಲೆಂದು ಬೆರಳಾಡಿಸುತ್ತಾ, ಒಂದೊಂದೇ ಪದ ಬಿಡಿಸಿ ಕೇಳಿದರು.

"ಯು... ನೋ... ದಿಸ್ ಮ್ಯಾನ್?"

ಗುಮಾಸ್ತರು ಹಾಕಿಕೊಂಡಿದ್ದ ಅಂಗಿಯ ಗುಂಡಿಯನ್ನು ಮತ್ತೆ ಬಿಚ್ಚಿದರು.

"ನೋ, ಮೇಡಂ."

"ವೆರಿ ಗುಡ್," ಎಂದು ಮೇಡಂ ಅವರ ಬೆನ್ನು ತಟ್ಟಿದರು. "ಉಚ್ಚಾರಣೆಯೂ ಎಷ್ಟು ಚೆನ್ನಾಗಿದೆ ನೋಡಿ."