ಮಳೆಯ ಹುಳಿ

ನಡುರಾತ್ರಿ ಟೆರೇಸಿನ ಮೇಲೆ 'ಕಟಕ್' ಎಂದಿತು. ಮಳೆಯ ಹನಿ ತಾಗಿದೊಡನೆ ತಾನಾಗಿ ತೆರೆದುಕೊಳ್ಳುವ, ಮಳೆನೀರು ಹಿಡಿಯುವ ಡಬ್ಬಿಯ ಮುಚ್ಚಳ ಅದು. ಬೀದಿಯವರು 'ಮಳೆರಾಯ' ಎಂದು ಕರೆಯುವ ಲ್ಯಾಬ್ ಸಹಾಯಕ ಹಾಸಿಗೆಯಲ್ಲೇ ನಕ್ಕ. ಕಾರ್ಖಾನೆಯ ಚಿಮಣಿಗೆ ಹೊಗೆ ಸೋಸುವ ಯಂತ್ರ ಕೂರಿಸಿದ ಮೇಲೆ ಮಳೆಯ ಹುಳಿ ಇಳಿದಿದೆಯೇ ಎಂದು ಅಳೆಯುವುದು ಅವನ ಕೆಲಸ. ಈ ಕೊನೆಯ ಮಾದರಿ ಒಪ್ಪಿಸಿದರೆ ಹೆಂಡತಿ, ಮಗಳು ಇರುವ ಊರಿಗೆ ವರ್ಗ. ಮಾದರಿ ಕೆಟ್ಟರೆ ಇನ್ನೊಂದು ವರ್ಷ ಇಲ್ಲೇ.

ಬೆಳಿಗ್ಗೆ ಸ್ನಾನ ಮುಗಿಸಿ, ಡಬ್ಬಿಯ ನೀರನ್ನು ಬಾಟಲಿಗೆ ಸುರಿದುಕೊಂಡು, ತುಂಬಿದ ಬಸ್ಸಿನಲ್ಲಿ ಮೊಟ್ಟೆಬುಟ್ಟಿ ಹಿಡಿದವನಂತೆ ಬಾಟಲಿ ಹಿಡಿದು ಲ್ಯಾಬಿಗೆ ಹೋದ. ಮೀಟರ್ ಐದು ಪಾಯಿಂಟ್ ಆರು ತೋರಿಸಿತು. ಹೊಗೆಯೇ ಸೋಕದ ಮಳೆಗೂ ಅಷ್ಟು ಹುಳಿ ಇದ್ದೇ ಇರುತ್ತದೆ; ಅಂದರೆ ಈ ಮಳೆ ಚೊಕ್ಕ!

"ಗೆದ್ವಲ್ಲಯ್ಯಾ!" ಸಾಹೇಬರು ಕುರ್ಚಿಯಿಂದ ಚಿಮ್ಮಿದರು. "ಹೋಗು, ಪೆಟ್ಟಿಗೆ ಕಟ್ಟು. ಸಂಜೆ ಬಾ, ಆರ್ಡರ್ ಕೊಡ್ತೀನಿ."

ಅವನು ಬಟ್ಟೆ ಮಡಚುತ್ತಿದ್ದಾಗ ಮನೆಯೊಡತಿ ಅಜ್ಜಿ ಬಾಗಿಲಿಗೆ ಬಂದರು.

"ಏನಪ್ಪಾ, ಮಳೆ ಪಾಸಾಯ್ತಾ?"

"ಫಸ್ಟ್ ಕ್ಲಾಸ್ ಅಜ್ಜಿ!"

"ಆಗ್ದೆ ಇರುತ್ತಾ? ಫೇಲಾದ್ರೆ ಫ್ಯಾಕ್ಟ್ರಿ ಮುಚ್ಚಿಬಿಡ್ತಾರೆ, ನಮ್ಮ ಅಳಿಯ ಮನೇಲಿ ಕೂರ್ಬೇಕು. ಅದಕ್ಕೇ ನೀನು ಸ್ನಾನಕ್ಕೆ ಹೋದಾಗ ಡಬ್ಬಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕ್ದೆ."

ಅವನು ಪೆಟ್ಟಿಗೆಯ ಮೇಲೆಯೇ ಕುಸಿದ. ಅಷ್ಟರಲ್ಲಿ ಕಿಟಕಿಯಲ್ಲಿ ಎದುರುಮನೆಯ ಟ್ಯಾಕ್ಸಿಯವನ ಮುಖ ಮೂಡಿತು.

"ಓಹೋ, ನಿಮ್ದಾ ಅಜ್ಜಿ ಈ ಕೆಲಸ? ಅಂದ್ರೆ ನಾನು ಬೆಳಗಿನ ಜಾವ ಮೆಟ್ಟಿಲು ಹತ್ತಿ ಅದೇ ಡಬ್ಬಿಗೆ ನಿಂಬೆಹಣ್ಣು ಹಿಂಡಿದ್ದು ದಂಡ! ಆ ಚಿಮಣಿ ನನ್ನ ಗಾಡಿ ಬಣ್ಣ ಎಲ್ಲಾ ತಿಂದುಹಾಕಿದೆ. ಫ್ಯಾಕ್ಟ್ರಿಯೋರು ಒಂದ್ಸಲ ಸಿಕ್ಕಿಬೀಳ್ಲಿ ಅಂತ ನೋಡಿದ್ರೆ..."

"ನಿಂಬೆಹಣ್ಣಾ? ನನ್ನ ಅಳಿಯನ ಅನ್ನಕ್ಕೆ ಕಲ್ಲು ಹಾಕೋನೇ!"

ಇಬ್ಬರೂ ಕೈಕೈ ಮಿಲಾಯಿಸುವ ಮೊದಲೇ ಮಳೆರಾಯ ಚಪ್ಪಲಿಯನ್ನೂ ಮೆಟ್ಟದೆ ಆಫೀಸಿಗೆ ಓಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ವರ್ಗ ಹೋದರೆ ಹೋಗಲಿ.

"ಸಾರ್, ಆ ಮಾದರಿ..."

"ಅದರದ್ದೇ ಮಾತು!" ಸಾಹೇಬರು ಅವನ ಬೆನ್ನು ತಟ್ಟಿದರು. "ದೊಡ್ಡ ಆಫೀಸಿನವರು ಕುಣೀತಿದ್ದಾರೆ. ಇಷ್ಟು ಚೊಕ್ಕವಾಗಿ ಮಳೆ ಹಿಡಿಯೋನನ್ನ ಬಿಟ್ಟುಕೊಡೋದುಂಟಾ ಅಂದ್ರು. ಇನ್ನೊಂದು ವರ್ಷ ನೀನೇ ಅಳೀಬೇಕಂತೆ, ಆಮೇಲೇ ಫಲಿತಾಂಶ ಪ್ರಕಟಿಸೋದು. ವರ್ಗ ರದ್ದು! ಖುಷೀನಾ? ನೀನೇನೋ ಹೇಳೋಕೆ ಬಂದೆಯಲ್ಲ?"

ಹೇಳಿದರೂ ಇನ್ನೊಂದು ವರ್ಷ, ಹೇಳದಿದ್ದರೂ ಇನ್ನೊಂದು ವರ್ಷ. ಹೇಳಿದರೆ ಬೈಗುಳ ಬೇರೆ.

"ಟೆರೇಸ್ ಬಾಗಿಲಿಗೆ ಒಂದು ಬೀಗ ಬೇಕಿತ್ತು ಸಾರ್."

"ಬೀಗ ಯಾಕಯ್ಯಾ?"

"ಬೆಕ್ಕಿನ ಕಾಟ," ಎಂದ ಮಳೆರಾಯ. ವರ್ಗ ಯಾಕೆ ತಪ್ಪಿತೆಂದು ಕೇಳಿದರೆ ಹೆಂಡತಿಗೂ ಅಷ್ಟೇ ಹೇಳುವುದೆಂದು ಅಲ್ಲೇ ನಿಂತು ತೀರ್ಮಾನಿಸಿದ.